ನಟರಾಜನ ಬೆನ್ನಿನ ತೇಪೆ

ಜನ್ನಾಪುರ, ಭದ್ರಾವತಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ತಮ್ಮ ಭೀಮೇಶನಿಗೆ,

ಹೇಗಿದ್ದೀಯ? ಧನಲಕ್ಷ್ಮಿಯ ಮಂಡಿನೋವು ಕಡಿಮೆಯಾಯಿತೆ? ಬೆಳಗಾವಿಯಲ್ಲಿ ಚಳಿ ಶುರುವಾಗಿರಬೇಕು. ಕುಲುಮೆಯ ಹತ್ತಿರ ಬೆವರಿ ಹೊರಗೆ ಬಂದವನೇ ತಣ್ಣೀರು ಕುಡಿಯುವ ನಿನ್ನ ಚಾಳಿ ಇನ್ನೂ ಇದ್ದರೆ ದಯವಿಟ್ಟು ಬಿಡು. ಇದನ್ನೆಲ್ಲ ಫೋನಿನಲ್ಲಿ ಕೇಳೋಣವೆಂದರೆ 'ಡ್ಯೂಟಿಲಿದ್ದೀನಿ' ಎಂದು ಇಟ್ಟುಬಿಡುತ್ತೀಯ. ಒಂಬತ್ತು ವರ್ಷದಿಂದ ನಿನ್ನ ಡ್ಯೂಟಿ ಮುಗಿದೇ ಇಲ್ಲ ಮಾರಾಯ. ಕಾಗದವಾದರೆ ಒಂದು ಸಾಲಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಪೂರ್ತಿ ಓದು.

ನಾನು ಗಟ್ಟಿಯಾಗಿದ್ದೇನೆ. ನಿನ್ನ ಅತ್ತಿಗೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊದಲು ಶಿವಮೊಗ್ಗದಲ್ಲಿ ತೋರಿಸಿದೆವು. ಅವಳ ತಂಗಿ ಚೆನ್ನೈನಲ್ಲಿರುವುದರಿಂದ ಅಲ್ಲಿಯೂ ಒಮ್ಮೆ ತೋರಿಸೋಣವೆಂದು ಹೋದ ವಾರ ಕರೆದುಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ ಪರೀಕ್ಷೆ ಮಾಡಿ, ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಎಂದರು. ರೈಲು ಇದ್ದದ್ದು ಸಂಜೆಗೆ. ಮಧ್ಯೆ ಅರ್ಧ ದಿನ ಉಳಿಯಿತು. ಹತ್ತಿರದಲ್ಲೇ ದೊಡ್ಡ ಮ್ಯೂಸಿಯಂ ಇದೆ, ಒಳಗೆ ತಂಪಾಗಿರುತ್ತದೆ ಎಂದು ಆಟೋದವನು ತಮಿಳಿನಲ್ಲಿ ಹೇಳಿದ. ಸುಳ್ಳು ಯಾಕೆ ಹೇಳಲಿ, ನಾವು ಹೋದದ್ದು ತಂಪಿನ ಆಸೆಗೇ.

ಕಂಚಿನ ವಿಗ್ರಹಗಳಿದ್ದ ಹಾಲಿಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ನಡುವೆ ಎದೆಯೆತ್ತರದ ನಟರಾಜ. ಇಡೀ ಭಾರ ಒಂದೇ ಕಾಲ ಮೇಲೆ, ಇನ್ನೊಂದು ಕಾಲು ಗಾಳಿಯಲ್ಲಿ, ಸುತ್ತಲೂ ಬೆಂಕಿಯ ಬಳೆ. ಸಾವಿರ ವರ್ಷದ ಹಿಂದಿನದಂತೆ. ಬಂದವರೆಲ್ಲ ಅವನ ಮುಖ ನೋಡುತ್ತಿದ್ದರು, ನಾನು ಬೆರಳು ನೋಡಿದೆ. ಬೆರಳಿಗೆ ಉಗುರಿದೆ ಕಣೋ ಭೀಮೇಶ. ಸುರಿದ ಕಂಚು ಅಷ್ಟು ದೊಡ್ಡ ಮೈ ದಾಟಿ, ತೋಳು ದಾಟಿ, ಆರುವುದರೊಳಗೆ ಆ ಉಗುರಿನ ತುದಿ ಮುಟ್ಟಬೇಕಾದರೆ ಅದರ ಕಾವು ಎಷ್ಟಿರಬೇಕು, ಸುರಿದವನ ಕೈ ಎಷ್ಟು ಗಟ್ಟಿಯಿರಬೇಕು? ನಮ್ಮ ಫೌಂಡ್ರಿಯಲ್ಲಿ ಮೀಟರು ಹಿಡಿದು ಕಾವು ನೋಡಿ ಸುರಿದರೂ ಪಂಪಿನ ರೆಕ್ಕೆಯ ಅಂಚು ಮೊಂಡಾಗಿ ಬರುತ್ತಿತ್ತು, ನಿನಗೆ ನೆನಪಿರಬಹುದು. ಮೂವತ್ತೆರಡು ವರ್ಷ ಇನ್ಸ್‌ಪೆಕ್ಷನ್‌ನಲ್ಲಿ ಎರಕದ ದೋಷ ಹುಡುಕುತ್ತಿದ್ದ ನಾನು ಎರಕ ಎಂದರೇನು ಎಂದು ಅಲ್ಲಿ ನಿಂತು ನೋಡಿದೆ.

ನಿನ್ನ ಅತ್ತಿಗೆಗೆ ಡ್ರಾಪ್ಸಿನಿಂದ ಎಲ್ಲ ಮಂಜು ಮಂಜು. ಬೆಂಚಿನ ಮೇಲೆ ಕೂತು 'ಏನೇನಿದೆ, ಒಂದೊಂದೇ ಹೇಳಿ' ಎಂದಳು. ಹೇಳುತ್ತ ಹೇಳುತ್ತ ನನ್ನ ಹಳೆ ಅಭ್ಯಾಸ ನೋಡು, ಕೈ ತಾನಾಗಿ ಹಗ್ಗದ ಆಚೆ ಹೋಗಿ ಬೆರಳ ಗೆಣ್ಣಿನಿಂದ ಪೀಠಕ್ಕೆ ಟಕಟಕ ಬಡಿದೇಬಿಟ್ಟಿತು, ಒಳಗೆ ಟೊಳ್ಳಿದೆಯೋ ಏನೋ ಎಂದು. ಕಾವಲಿನವನು ಕೂಗಿಕೊಂಡು ಓಡಿ ಬಂದ. ಹಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಫೌಂಡ್ರಿಯ ತಮಿಳು ಗೆಳೆಯರಿಂದ ಕಲಿತ ತಮಿಳಿನಲ್ಲಿ ಕೈಮುಗಿದು ತಪ್ಪಾಯಿತು ಎಂದೆ, ನಾನು ಎರಕದ ಕೆಲಸದವನು ಎಂದೂ ಹೇಳಿದೆ. ಅವನ ಸಿಟ್ಟು ಇಳಿಯಿತು. ಹಾಗಾದರೆ ಹಿಂದಿನಿಂದ ನೋಡಬೇಕು, ಆದರೆ ಮುಟ್ಟಬೇಡಿ ಎಂದು ವಿಗ್ರಹದ ಬೆನ್ನ ಕಡೆಗೆ ಕರೆದುಕೊಂಡು ಹೋದ.

ಬಲಭುಜದ ಕೆಳಗೆ ಹೆಬ್ಬೆರಳಗಲದ ಒಂದು ಚೌಕ ತೇಪೆ. ಸುರಿಯುವಾಗ ಗಾಳಿ ಸಿಕ್ಕಿಕೊಂಡು ತೂತು ಬಿದ್ದಿದೆ. ಮಾಡಿದವನು ಅದನ್ನು ಚೌಕವಾಗಿ ಕೊರೆದು, ಕಂಚಿನ ತುಂಡು ಕೂರಿಸಿ ಉಜ್ಜಿದ್ದಾನೆ, ಹಲ್ಲಿನ ಡಾಕ್ಟರು ಹುಳುಕು ತುಂಬುವ ಹಾಗೆ. ಮೇಣದಲ್ಲಿ ಮಾಡಿದ ಮೂಲ ಬೊಂಬೆ ಕರಗಿ ಹೋಗಿದೆ, ಅದರ ಸುತ್ತ ಕಟ್ಟಿದ ಮಣ್ಣಿನ ಅಚ್ಚು ಒಡೆದಿದೆ, ಇನ್ನೊಂದು ಸಲ ಸುರಿಯುವ ಹಾಗಿಲ್ಲ. ಅವನು ತೂತನ್ನೂ ನೋಡಿದ್ದಾನೆ, ನಟರಾಜನನ್ನೂ ನೋಡಿದ್ದಾನೆ. ಆ ಬೆನ್ನಿನ ಹಿಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ನಿನ್ನ ನಂದಿಯ ಎಡಕಿವಿಯ ಹಿಂದೆ ಇದ್ದದ್ದು ಇದಕ್ಕಿಂತ ಸಣ್ಣ ತೂತು. ನಮ್ಮ ಬೀದಿಯ ಈಶ್ವರನ ಗುಡಿಗೆಂದು ಎಂಟು ತಿಂಗಳು ದಿನಾ ಕೆಲಸ ಮುಗಿದ ಮೇಲೆ ಕೂತು ನೀನು ಮೇಣದಲ್ಲಿ ಮಾಡಿ, ಕಂಚು ಹೊಯ್ದ ಮೊಳದುದ್ದದ ನಂದಿ. ಗುಡಿಯವರೆಲ್ಲ ನೋಡಲು ಬಂದಿದ್ದಾಗ ನಾನು ಟಾರ್ಚು ಹಿಡಿದು ಹುಡುಕಿ, ಅದರ ಹಣೆಯ ಮೇಲೆ ಕೆಂಪು ಪೇಂಟಿನಲ್ಲಿ ಇಂಟು ಮಾರ್ಕು ಹಾಕಿ ರಿಜೆಕ್ಟ್ ಎಂದೆ. ತಮ್ಮನೆಂದು ಬಿಟ್ಟ ಎಂದು ಯಾರೂ ಆಡಿಕೊಳ್ಳಬಾರದು ಎನ್ನುವ ಜಂಬ ನನ್ನದು. ನೀನು 'ಆಯ್ತಣ್ಣ' ಎಂದೆ, ಅಷ್ಟೇ. ಗುಡಿಯವರು ಕಲ್ಲಿನ ನಂದಿ ತಂದರು. ನೀನು ಅದರ ಪೂಜೆಯ ಊಟಕ್ಕೂ ನಿಲ್ಲದೆ ಬೆಳಗಾವಿಯ ಬಸ್ಸು ಹತ್ತಿದೆ.

ಬೆಂಚಿಗೆ ಬಂದು ತೇಪೆಯ ವಿಷಯ ಹೇಳಿದೆ. ನಿನ್ನ ಅತ್ತಿಗೆ 'ಇವನ ಹಣೆಗೂ ನೀವು ಇಂಟು ಮಾರ್ಕು ಹಾಕ್ತಿದ್ರಾ?' ಎಂದು ಕೇಳಿದಳು. ಹಾಕುತ್ತಿದ್ದೆ ಭೀಮೇಶ. ಖಂಡಿತ ಹಾಕುತ್ತಿದ್ದೆ. ಆ ನಟರಾಜನನ್ನು ಒಡೆಸಿ ಕುಲುಮೆಗೆ ಹಾಕಿಸುತ್ತಿದ್ದೆ. ತೂತು ಇದ್ದದ್ದು ನಿಜ, ಅದನ್ನು ಕಂಡದ್ದು ತಪ್ಪಲ್ಲ. ತುಂಬು ಎಂದು ನಿನಗೆ ಒಂದು ಮಾತು ಹೇಳದೆ ಹೋದದ್ದು ತಪ್ಪು. ನಾಲ್ಕು ಜನರ ಮುಂದೆ ಮಾಡಿದ ತಪ್ಪನ್ನು ಕಾಗದದಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ, ಅದೂ ಸರಿಯಲ್ಲ. ನೀನು ಬಂದರೆ ಗುಡಿಯ ಮುಂದೆಯೇ ಹೇಳುತ್ತೇನೆ.

ಧನಲಕ್ಷ್ಮಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಇವತ್ತು ಕಾರ್ತಿಕ ಸೋಮವಾರ, ನಿಮ್ಮಿಬ್ಬರ ಹೆಸರಿನಲ್ಲೂ ಗುಡಿಯಲ್ಲಿ ದೀಪ ಹಚ್ಚಿ ಬಂದಿದ್ದೇವೆ. ನಿನ್ನ ಕೈಗೆ ಯಾವ ಕುಲುಮೆಯ ಬೆಂಕಿಯೂ ತಾಗದಿರಲಿ.

ನಿನ್ನ ಅಣ್ಣ,
ಓಬಯ್ಯ

ಮರೆತಿದ್ದೆ: ನಂದಿ ಗುಜರಿಗೆ ಹೋಯಿತು ಎಂದು ಆಗ ನಿನಗೆ ಹೇಳಿದ್ದೆನಲ್ಲ, ನಾನೂ ಹಾಗೇ ತಿಳಿದಿದ್ದೆ. ವಾಪಸು ಬರುವಾಗ ರೈಲಿನಲ್ಲಿ ನಿನ್ನ ಅತ್ತಿಗೆ ಬಾಯಿ ಬಿಟ್ಟಳು. ಗುಜರಿಯವನನ್ನು ಬರಿಗೈಲಿ ಕಳಿಸಿ ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದಾಳೆ. ಒಂಬತ್ತು ವರ್ಷ ಪ್ರತಿ ಸೋಮವಾರ, ನಾನು ಮನೆಯಲ್ಲಿಲ್ಲದಾಗ, ಒರೆಸಿ ವಿಭೂತಿ ಇಟ್ಟಿದ್ದಾಳೆ. ಇಂಟು ಮಾರ್ಕನ್ನು ಮಾತ್ರ ಮುಟ್ಟಿಲ್ಲ. ಯಾಕೆ ಎಂದರೆ 'ಹಾಕ್ದೋರೇ ಅಳಿಸ್ಲಿ ಅಂತ ಬಿಟ್ಟಿದ್ದೆ' ಎಂದಳು. ಇವತ್ತು ಬೆಳಗ್ಗೆ ಸ್ನಾನ ಮಾಡಿ, ತಿನ್ನರ್ ಹಚ್ಚಿ, ಉಜ್ಜಿ ಉಜ್ಜಿ ನಾನೇ ತೆಗೆದೆ. ಕಿವಿಯ ಹಿಂದಿನ ತೂತು ಹಾಗೇ ಇದೆ. ನನಗೆ ತೂತು ಹುಡುಕಲು ಬರುತ್ತದೆಯೇ ಹೊರತು ತುಂಬಲು ಬರುವುದಿಲ್ಲ. ನಿನ್ನ ಉಳಿ, ಅರ ತೆಗೆದುಕೊಂಡು ಬಾ.