ತಪ್ಪು ಹೊಲಿಗೆ

ಮನೆಯಿಂದ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಕುರ್ಚಿಗೆ ದಿಂಬು ಹಾಕಿಕೊಳ್ಳಲು ಆ ಮೇಲ್ವಿಚಾರಕಿ ಕೊನೆಗೂ ಒಪ್ಪಿದಳೇ? ಭಾವನ ಕೆಮ್ಮು ನಿಂತಿತೇ, ಪುಟ್ಟಿಗೆ ಮುಂದಿನ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ. ಅಮ್ಮ ಉಣ್ಣುತ್ತಾಳೆ, ಮಲಗುತ್ತಾಳೆ, ನನ್ನನ್ನು ಬೈಯುತ್ತಾಳೆ. ಮೂರೂ ಸರಿಯಾಗಿ ನಡೆದಿರುವುದರಿಂದ ನೀನು ಗಾಬರಿಯಾಗಬೇಡ. ಕೈನಡುಕ ಮಾತ್ರ ಜಾಸ್ತಿಯಾಗಿದೆ. ಚೆಲ್ಲದಿರಲಿ ಎಂದು ಲೋಟಕ್ಕೆ ಅರ್ಧ ನೀರು ಹಾಕಿ ಕೊಟ್ಟರೆ "ಯಾಕೆ, ಮನೇಲಿ ನೀರಿಗೂ ಬರ ಬಂತಾ?" ಎಂದು ಕೇಳುತ್ತಾಳೆ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ಕುಳಿತು ನಾಲ್ಕು ಸಲ ಎದ್ದಿದ್ದೇನೆ. ಅಲ್ಲಿನ ದೊಡ್ಡ ಅಂಗಡಿಯ ಗಾಜಿನ ಹಿಂದೆ ಎಲೆಬಳ್ಳಿಯ ಕೈಚೀಲ ಕಂಡೆ, ಕಂಡ ಕೂಡಲೇ ಅಮ್ಮನ ಕೈ ಎಂದು ಗುರುತು ಹಿಡಿದೆ, ಒಂದು ಎಲೆಯ ತುದಿಯಲ್ಲಿ ಗೆರೆ ಸಣ್ಣಗೆ ನಡುಗಿದ್ದನ್ನು ನೋಡಿ ಬೀದಿಯಲ್ಲೇ ಅತ್ತುಬಿಟ್ಟೆ ಎಂದು ಬರೆದಿದ್ದೀಯ. ಅಮ್ಮ ಮತ್ತೆ ಮಿಷನ್ ಮುಂದೆ ಕುಳಿತಿದ್ದಾಳೆ ಅಂದಮೇಲೆ ನಾನೇಕೆ ಇಲ್ಲಿ ಆಸ್ಪತ್ರೆಯ ಹೊದಿಕೆಗಳಿಗೆ ಅಂಚು ಹೊಡೆಯುತ್ತಾ ಸಾಯಲಿ, ತಿಂಗಳ ಕೊನೆಗೆ ಕೆಲಸ ಬಿಟ್ಟು ಬರುತ್ತೇನೆ, ಮೂವರೂ ಸೇರಿ ಚೀಲ ಮಾಡೋಣ ಎಂದಿದ್ದೀಯ. ಆ ಸಾಲನ್ನು ಅಮ್ಮ ನನ್ನಿಂದ ಆರು ಸಲ ಓದಿಸಿಕೊಂಡಳು. ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಆದರೂ ಓದಿಸಿಕೊಂಡಳು.

ಅಕ್ಕಾ, ಬರಬೇಡ. ಅಮ್ಮ ಮಿಷನ್ ಮುಟ್ಟಿ ಎರಡು ವರ್ಷವಾಯಿತು. ಇದನ್ನು ಆಗಲೇ ಬರೆಯಬೇಕಿತ್ತು, ನನಗೆ ಧೈರ್ಯ ಸಾಲಲಿಲ್ಲ.

ಚೀಲದ ವ್ಯಾಪಾರಿ ನಮ್ಮ ಟೇಪಣ್ಣ ನಿನಗೆ ನೆನಪಿರಬೇಕು, ಮದುವೆಮನೆಗೂ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬರುತ್ತಿದ್ದನಲ್ಲ, ಅವನೇ. ಎರಡು ವರ್ಷದ ಹಿಂದೆ ಒಂದು ಬಿಳಿ ಬಟ್ಟೆ ತಂದು "ಅಮ್ಮಾ, ನಿಮ್ಮ ಕೈಯಿಂದ ಒಂದು ಬಳ್ಳಿ ಬೇಕು, ಅಂಗಡಿ ಗೋಡೆ ಮೇಲೆ ಹಾಕಿಸ್ತೀನಿ, ನಿಧಾನಕ್ಕೆ ಮಾಡಿ" ಎಂದ. ಅಮ್ಮ ಯಾವತ್ತಿನಂತೆ ಮಿಷನ್‌ನ ಒತ್ತುಪಾದ ಬಿಚ್ಚಿ, ಬಟ್ಟೆ ಮುಂದಕ್ಕೆ ತಳ್ಳುವ ಕೆಳಗಿನ ಹಲ್ಲು ಇಳಿಸಿ, ಬಟ್ಟೆ ಬಿಗಿದ ರಿಂಗನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತಳು. ಪೆನ್ಸಿಲ್ ಗುರುತು ಹಾಕಿಕೊಳ್ಳುವುದೆಂದರೆ ಅವಳಿಗೆ ಅವಮಾನವೆಂದು ನಿನಗೆ ಗೊತ್ತಲ್ಲ. ಮೊದಲಾದರೆ ಒಂದು ಬೆಳಗಿನ ಕೆಲಸ, ಕೈನಡುಕ ಶುರುವಾಗಿದ್ದರಿಂದ ಆಗ ಹದಿನೆಂಟು ದಿನ ಹಿಡಿಯಿತು. ಒಂದು ಎಲೆಯ ತುದಿಯಲ್ಲಿ ಕೈ ಅಲುಗಿತು. ಬಿಚ್ಚಿ ಮತ್ತೆ ಹಾಕುತ್ತೇನೆ ಎಂದಳು. "ಇರಲಿ ಬಿಡಿ, ಅದೇ ಚೆಂದ" ಎಂದು ಅವನು ಬಟ್ಟೆ ಮಡಚಿಕೊಂಡು ಹೋದ. ಎಂಥ ಮರ್ಯಾದಸ್ಥ ಎಂದು ನಾವಿಬ್ಬರೂ ಅವತ್ತೆಲ್ಲಾ ಹೊಗಳಿದ್ದೇ ಹೊಗಳಿದ್ದು.

ಬಟ್ಟೆ ಗೋಡೆಗೆ ಹೋಗಲಿಲ್ಲ, ಕಂಪ್ಯೂಟರಿಗೆ ಹೋಯಿತು. ಅವನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಈಗ ಕಂಪ್ಯೂಟರ್ ನಡೆಸುವ ಹನ್ನೆರಡು ಸೂಜಿ ಒಟ್ಟಿಗೆ ಓಡುತ್ತವೆ. ಹನ್ನೆರಡೂ ಅಮ್ಮನ ಬಳ್ಳಿಯನ್ನೇ ಬರೆಯುತ್ತವೆ, ಆ ಎಲೆಯ ತುದಿ ಬಂದಾಗ ಹನ್ನೆರಡೂ ಒಟ್ಟಿಗೆ ನಡುಗುತ್ತವೆ. ನಾನು ಕೆಲಸಕ್ಕೆ ಹೋಗುವುದೂ ಆ ಶೆಡ್ಡಿಗೇ. ನಮ್ಮ ಬೀದಿಯಲ್ಲಿ ಕೈಯಿಂದ ಮಿಷನ್ ಕಸೂತಿ ಹಾಕುತ್ತಿದ್ದ ಹೆಂಗಸರಲ್ಲಿ ಈಗ ಆ ಕೆಲಸದಲ್ಲಿ ಯಾರೂ ಉಳಿದಿಲ್ಲ. ನಿನ್ನ ಮಿಷನ್ ಮೇಲೆ ನಾನು ಒಗೆದ ಬಟ್ಟೆ ಮಡಚಿಡುತ್ತೇನೆ.

ಹಾಗಾದರೆ ನೀನು ಶೆಡ್ಡಿನಲ್ಲಿ ಏನು ಮಾಡುತ್ತೀ ಎಂದು ಕೇಳುತ್ತೀಯ. ಹೇಳಿದರೆ ನಗುತ್ತೀಯ, ನಕ್ಕುಬಿಡು. ಕೈಕೆಲಸದ ಚೀಲ ಎಂದು ಚೀಟಿ ಅಂಟಿಸಿ ಮಾರುತ್ತಿದ್ದರು. ಎಲ್ಲ ಚೀಲವೂ ತದ್ವತ್ ಒಂದೇ ಥರ ಇದೆ, ಇದೆಂಥ ಕೈಕೆಲಸ ಎಂದು ಕೊಳ್ಳುವವರು ತಗಾದೆ ತೆಗೆದರು. ಅದಕ್ಕೆ ಮಿಷನ್ನಿಂದ ಇಳಿದ ಪ್ರತಿಯೊಂದು ಚೀಲಕ್ಕೂ ಮೂರೋ ನಾಲ್ಕೋ ತಪ್ಪು ಹೊಲಿಗೆ ಹಾಕುವುದು ನನ್ನ ಕೆಲಸ. ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಬರಬಾರದು. ರಿಂಗನ್ನು ದಡಕ್ಕನೆ ಎಳೆದು ಉದ್ದ ಹೊಲಿಗೆ ಬೀಳಿಸುವುದು, ಸೂಜಿಯನ್ನು ಒಂದೇ ಕಡೆ ಓಡಿಸಿ ಗಂಟು ಮಾಡುವುದು, ಎಲೆ ತುಂಬುವಾಗ ಅಂಚು ದಾಟುವುದು. ಚಿಕ್ಕಂದಿನಲ್ಲಿ ಯಾವ ಯಾವ ತಪ್ಪಿಗೆ ಅಮ್ಮ ರಿಂಗಿನಿಂದಲೇ ನನ್ನ ಬೆರಳಗಂಟಿಗೆ ಕುಟ್ಟುತ್ತಿದ್ದಳೋ ಅವೆಲ್ಲ ಈಗ ನನ್ನ ಅನ್ನ. ಶೆಡ್ಡಿನಲ್ಲಿ ನನ್ನ ಹೆಸರೇ ತಪ್ಪಕ್ಕ. ತಪ್ಪು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಟೇಪಣ್ಣ ಬಂದವರಿಗೆಲ್ಲ ಹೇಳುತ್ತಾನೆ.

ಅಮ್ಮನಿಗೆ ಇದಾವುದೂ ಗೊತ್ತಿರಲಿಲ್ಲ; ಲೈನಿಂಗ್ ಹೊಲಿಯುತ್ತೇನೆ ಎಂದು ಸುಳ್ಳು ಹೇಳಿದ್ದೆ. ನಿನ್ನ ಕಾಗದ ಓದಿದ ಮೇಲೆ "ನಾನು ಮಾಡದಿರೋ ಚೀಲ ಅಲ್ಲಿಗೆ ಹೇಗೆ ಹೋಯ್ತು? ಒಂದು ತಂದು ತೋರಿಸು" ಎಂದು ಹಟ ಹಿಡಿದಳು. ತಂದೆ. ಮೊದಲು ಬಳ್ಳಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಲೈನಿಂಗ್ ಬಿಚ್ಚಿಸಿ ಹಿಂಬದಿ ನೋಡಿದಳು. ಅವಳ ಗಂಟು ಒಂದೂ ಇಲ್ಲ, ಬಣ್ಣ ಬದಲಾದಲ್ಲಿ ಬಿಟ್ಟ ದಾರದ ತುದಿಯಿಲ್ಲ, ಬರೀ ಬಿಳಿ ದಾರ. "ಮುಂದೆ ನನ್ನದು, ಹಿಂದೆ ಯಾರದೂ ಅಲ್ಲ" ಎಂದಳು. ಮತ್ತೆ ತಿರುಗಿಸಿ, ಅಂಚು ದಾಟಿದ ಒಂದು ಹೊಲಿಗೆಯ ಮೇಲೆ ಉಗುರಿಟ್ಟು, "ಇದು ನಿಂದು. ಇಷ್ಟು ವರ್ಷ ಹೇಳಿಕೊಟ್ಟರೂ ಎಡಗೈ ಎಳೆಯೋದು ಬಿಡಲಿಲ್ಲ" ಎಂದಳು. ಬೇಕೆಂದೇ ಹಾಕಿದ್ದು ಎಂದು ಬಾಯಿಬಿಟ್ಟು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಕ್ಕಾ. ಆ ಹೊಲಿಗೆಯನ್ನು ಬಿಚ್ಚಲು ಸೂಜಿ ಕೇಳಿದಳು. ಕೈ ನಿಲ್ಲಲಿಲ್ಲ, ಬಟ್ಟೆ ಹರಿಯಿತು. ಸಂಜೆ "ಅವಳಿಗೆ ಏನೂ ಬರೀಬೇಡ, ಬರಲಿ ಬಿಡು" ಎಂದಳು. ನಿನ್ನನ್ನು ನೋಡಬೇಕೆಂಬ ಆಸೆ ಅವಳಿಗೆ ಅಷ್ಟಿದೆ. ಅದಕ್ಕೇ ಅವಳು ಮಲಗಿದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ನನ್ನ ಲೆಕ್ಕದಲ್ಲಿ ಎರಡೂ ಕೆನ್ನೆಗೆ ಮುತ್ತು ಕೊಡು. ಅಮ್ಮನ ಆಶೀರ್ವಾದ ನಿಮಗೆ ಇದ್ದೇ ಇದೆ, ಕೇಳದೆಯೇ ಬರೆದಿದ್ದೇನೆ.

ನಿನ್ನ ತಂಗಿ

ಮರೆತಿದ್ದು: ಮರೆತಿದ್ದಲ್ಲ, ಮೇಲೆ ಬರೆಯಲು ನಾಚಿಕೆಯಾಯಿತು. ಹೋದ ತಿಂಗಳೆಲ್ಲಾ ನನ್ನ ತಪ್ಪುಗಳಿಗೆ ಒಂದೊಂದಾಗಿ ಫೋಟೋ ತೆಗೆದುಕೊಂಡರು. ಬರುವ ಸೋಮವಾರದಿಂದ ಅವನ್ನೂ ಕಂಪ್ಯೂಟರೇ ಹಾಕುತ್ತದೆ, ಒಂದೊಂದು ಚೀಲಕ್ಕೆ ಒಂದೊಂದು ಥರ. "ತಪ್ಪಕ್ಕಾ, ಇನ್ನು ನಿಮಗೆ ವಿಶ್ರಾಂತಿ" ಎಂದ ಟೇಪಣ್ಣ. ರಾಜೀನಾಮೆ ಕೊಟ್ಟಿದ್ದರೆ ಇವತ್ತೇ ವಾಪಸು ತೆಗೆದುಕೋ. ನಿಮ್ಮ ಹೊಲಿಗೆ ಕೋಣೆಯಲ್ಲಿ ಇನ್ನೊಂದು ಕುರ್ಚಿಗೆ ಜಾಗವಿದೆಯೇ ಕೇಳು, ಅಮ್ಮನನ್ನೂ ಕರೆದುಕೊಂಡು ಬಂದುಬಿಡುತ್ತೇನೆ. ನನ್ನ ತಂಗಿ ಅಂಚು ನೇರವಾಗಿ ಹೊಡೆಯುತ್ತಾಳೆ, ಒಂದು ತಪ್ಪೂ ಮಾಡುವುದಿಲ್ಲ ಎಂದು ಹೇಳು.