ನೂರಮೂರು ಕಾಗದದ ತಟ್ಟೆಗಳ ಪರವಾಗಿ

ಕೌಂಟಿ ಪಕ್ಷದ ಮಾನ್ಯ ಅಧ್ಯಕ್ಷರೇ,

ಬದುಕಿ ಓಡಾಡಿಕೊಂಡಿರುವ ನೂರಮೂರು ಜನರನ್ನು ನೀವು ಕಸದ ಬುಟ್ಟಿಗೆ ಹಾಕಲು ಹೊರಟಿದ್ದೀರಿ. ಹೋದ ಸೋಮವಾರ ಸಂಜೆ ಎಲ್ಡರ್ ಫೋರ್ಕ್ ಶಾಲೆಯಲ್ಲಿ, ಅಮೆರಿಕದ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ನಾವು ನಡೆಸಿದ ಕಾಕಸ್ ಸಭೆಯ ಫಲಿತಾಂಶವನ್ನು ನೀವು ತಡೆಹಿಡಿದಿದ್ದೀರಿ. ಗುರುವಾರದ ಪತ್ರಿಕೆಯಲ್ಲಿ ನಿಮ್ಮ ಹೇಳಿಕೆ ಬಂದಿದೆ: "ಅಧಿಕೃತ ನಮೂನೆಯಲ್ಲಿರುವ ಅರುವತ್ತು ಹೆಸರುಗಳನ್ನು ಮಾತ್ರ ಪರಿಗಣಿಸಲಾಗುವುದು. ಉಳಿದದ್ದು ಹೊರಗಿನ ಶಕ್ತಿಗಳು ವ್ಯವಸ್ಥಿತವಾಗಿ ಸೇರಿಸಿದ ಗುಂಪು." ಇದನ್ನು ನಾಲ್ಕು ಸಲ ಓದಿದೆ. ಮೊದಲ ಮೂರು ಸಲ ಕನ್ನಡಕ ಒರೆಸಿಕೊಂಡೆ. ನಾಲ್ಕನೇ ಸಲ ನಗು ಬಂದು ಕಾಫಿ ಮೂಗಿಗೆ ಏರಿತು. ಯಾಕೆಂದರೆ ಸ್ವಾಮಿ, ಆ ಹೊರಗಿನ ಶಕ್ತಿ ನಾನು.

ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟು ಮೊಟ್ಟೆ ಕಾರ್ಖಾನೆ ಸೇರಿದವಳು, ಆದ್ದರಿಂದ ದೊಡ್ಡ ಪದ ಬಂದಾಗ ಗಂಡ ಆರ್ಲೋನನ್ನು ಕೇಳುತ್ತೇನೆ. 'ವ್ಯವಸ್ಥಿತವಾಗಿ' ಅಂದರೇನು ಎಂದೆ. ಅವನು ಟೀವಿಯಿಂದ ಕಣ್ಣು ತೆಗೆಯದೆ ಹೇಳಿದ: "ಮೊದ್ಲೇ ಕೂತು ಯೋಚ್ನೆ ಮಾಡಿ, ಪ್ಲಾನ್ ಹಾಕಿ ಮಾಡೋದು. ನಿಂಗೂ ಅದಕ್ಕೂ ಏನೂ ಸಂಬಂಧ ಇಲ್ಲ ಬಿಡೇ."

ಹೌದು, ಸಂಬಂಧವಿಲ್ಲ. ನನ್ನದು ಬರೀ ಹೆದರಿಕೆ. ಹಿಮ ಬಿದ್ದರೆ ಮೆಟ್ಟಿಲ ಮೇಲೆ ಯಾರು ಜಾರುತ್ತಾರೋ ಎಂಬ ಹೆದರಿಕೆ, ಬೀಳದಿದ್ದರೆ ಬೇಸಿಗೆಯಲ್ಲಿ ಮೆಕ್ಕೆಜೋಳಕ್ಕೆ ತೇವ ಸಾಲುತ್ತದೋ ಇಲ್ಲವೋ ಎಂಬ ಹೆದರಿಕೆ. ಇಂಥವಳು ಡಾಕ್ಟರ್ ಕೋಲ್‌ಸ್ಟಾಡ್ ಎಂಬ ದನದ ವೈದ್ಯೆ ಅಮೆರಿಕದ ಅಧ್ಯಕ್ಷೆಯಾಗಲಿ ಎಂದು ಒಂದು ಮೂಲೆಯಲ್ಲಿ ನಿಲ್ಲುವ ಧೈರ್ಯ ಮಾಡಿದ್ದು ಹೇಗೆ ಎಂದು ನೀವು ಕೇಳಬೇಕಿತ್ತು. ಕೇಳಲಿಲ್ಲ. ಆದರೂ ಹೇಳುತ್ತೇನೆ.

ಅಕ್ಟೋಬರಿನಲ್ಲಿ ಆಕೆ ನಮ್ಮ ಗ್ರಂಥಾಲಯಕ್ಕೆ ಬಂದರು. ತಾವೇ ಗಾಡಿ ಓಡಿಸಿಕೊಂಡು ದಕ್ಷಿಣ ಡಕೋಟಾದಿಂದ. ಹಾಕಿದ್ದು ಹನ್ನೆರಡು ಕುರ್ಚಿ, ಕೂತದ್ದು ನಾನೊಬ್ಬಳು. ನಿಮ್ಮ ಕಚೇರಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ನೀವು ಅದೇ ದಿನ ಇನ್ನೊಬ್ಬ ಅಭ್ಯರ್ಥಿಯಾದ ಸೆನೆಟರ್ ಸಾಹೇಬರ ಜೊತೆ ಊಟಕ್ಕೆ ಹೋಗಿದ್ದಿರಿ, ಫೋಟೋ ನೋಡಿದ್ದೇನೆ, ಚೆನ್ನಾಗಿ ಬಂದಿದೆ. ಆಕೆ ವೇದಿಕೆ ಬಿಟ್ಟು ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತು, "ಏನಮ್ಮ, ಮುಖ ಯಾಕೆ ಹಾಗಿದೆ? ಯಾವುದರ ಚಿಂತೆ?" ಎಂದು ಕೇಳಿದರು. ಮಾನ್ಯರೇ, ನನ್ನನ್ನು ಆ ಪ್ರಶ್ನೆ ಕೇಳಬಾರದು. ಆದರೆ ಕೇಳಿಬಿಟ್ಟರಲ್ಲ!

ಹೇಳಿದೆ. ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿದ್ದು, ನನ್ನ ಮಗಳು ಡೀನಾ ಐವತ್ತೆಂಟು ಮೈಲಿ ದೂರದ ಆಸ್ಪತ್ರೆಗೆ ಹೊರಟು ಮೂವತ್ತನೇ ಮೈಲಿಯಲ್ಲಿ ಧಾನ್ಯದ ಗೋದಾಮಿನ ಮುಂದೆ ಕಾರಿನಲ್ಲೇ ಹೆತ್ತದ್ದು, ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದುಕೊಂಡವಳು ನಾನೇ ಎಂಬುದು. ಮಗು ಚೆನ್ನಾಗಿದೆ, ದಯವಿಟ್ಟು ಗಾಬರಿಯಾಗಬೇಡಿ, ಈಗ ಎರಡು ಹಲ್ಲು ಬಂದಿದೆ. ಆಕೆ ಒಂದೂ ಭರವಸೆ ಕೊಡಲಿಲ್ಲ. "ಹಸುಗೆ ಕರು ಹಾಕೋದು ಕಷ್ಟ ಆದ್ರೆ ನಾನು ನಲವತ್ತು ನಿಮಿಷದಲ್ಲಿ ಕೊಟ್ಟಿಗೇಲಿರ್ತೀನಿ. ಹೆಂಗಸಿಗೆ ಯಾಕಮ್ಮ ಐವತ್ತೆಂಟು ಮೈಲಿ?" ಎಂದರು. ಅಷ್ಟೇ. ಈ ಲೆಕ್ಕ ನಿಮ್ಮ ಸೆನೆಟರರ ಬಾಯಲ್ಲಿ ಒಮ್ಮೆಯಾದರೂ ಬಂದಿದೆಯೇ?

ಮನೆಗೆ ಬಂದವಳಿಗೆ ಹೊಸ ಹೆದರಿಕೆ ಶುರುವಾಯಿತು. ನಮ್ಮ ಕಾಕಸ್ ಎಂದರೆ ಚೀಟಿ ಬರೆದು ಮುಚ್ಚಿ ಹಾಕುವ ಮತದಾನವಲ್ಲ. ಶಾಲೆಯ ಜಿಮ್ಮು ಎಂಬ ಒಳಾಂಗಣ ಆಟದ ಅಂಗಣದಲ್ಲಿ ಊರೆಲ್ಲ ಸೇರಿ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ ಎಂದು, ಎಲ್ಲರ ಕಣ್ಣೆದುರು ಹೋಗಿ ನಿಲ್ಲಬೇಕು. ಆ ದೊಡ್ಡ ಜಿಮ್ಮಿನಲ್ಲಿ, ದಿನಾ ನನ್ನ ಕೈಯಲ್ಲಿ ಊಟ ಬಡಿಸಿಕೊಂಡು ಬೆಳೆದವರ ಎದುರು, ನಾನೊಬ್ಬಳೇ ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗೆ ನಿಂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಅದಕ್ಕೇ ಫೋನ್ ಮಾಡಿದೆ. ಇದೇ ನೋಡಿ ನಿಮ್ಮ 'ವ್ಯವಸ್ಥೆ'. ಒಬ್ಬರಿಗಲ್ಲ, ನಲವತ್ತು ಮನೆಗೆ. ರಾಜಕೀಯ ಮಾತಾಡಲಿಲ್ಲ. "ದಯವಿಟ್ಟು ಬನ್ನಿ, ನಾನೊಬ್ಬಳೇ ನಿಂತಿರ್ತೀನಿ, ಅವಮಾನ ಆಗತ್ತೆ, ಸುಮ್ನೆ ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು" ಎಂದು ಬೇಡಿಕೊಂಡೆ, ಅಷ್ಟೆ. ಎಲ್ಲರೂ "ನೋಡೋಣ" ಎಂದರು. ನಮ್ಮ ಕಡೆ 'ನೋಡೋಣ' ಎಂದರೆ ಬರುವುದಿಲ್ಲ ಎಂದೇ ಅರ್ಥವಲ್ಲವೇ?

ಸೋಮವಾರ ದಾಲ್ಚಿನ್ನಿ ರೋಲು ಮಾಡಿಕೊಂಡು ಹೋದೆ. ಆರು. ನನಗೊಂದು, ಆರ್ಲೋಗೊಂದು, ನಾಲ್ಕು ಬರೀ ಆಸೆಗೆ. ಸೆನೆಟರರ ಮೂಲೆಯಲ್ಲಿ ಎಂಬತ್ತು ಜನಕ್ಕಾಗುವಷ್ಟು ಹ್ಯಾಮ್ ಸ್ಯಾಂಡ್‌ವಿಚ್, ನೀಲಿ ಬಲೂನು, ಮುದ್ರಿಸಿದ ಟೀಶರ್ಟು. ನಿಮ್ಮವರು ಬುದ್ಧಿವಂತರು, ಆರು ಗಂಟೆಗೇ ಬಂದು ನೋಂದಣಿ ನಮೂನೆ ತುಂಬಿ ಕೂತಿದ್ದರು. ಇಪ್ಪತ್ತೆರಡು ಜನ.

ಆರೂ ಮುಕ್ಕಾಲಿಗೆ ಬಾಗಿಲು ತೆರೆಯಿತು, ಮತ್ತೆ ಮುಚ್ಚಲೇ ಇಲ್ಲ. ಬೂಟಿನ ಹಿಮ ಒದರುತ್ತ ಒಬ್ಬೊಬ್ಬರೇ ನನ್ನ ಮೂಲೆಗೆ ಬರತೊಡಗಿದರು. ಬಂದವರೆಲ್ಲ ಸುತ್ತ ನೋಡಿ ಬೆಪ್ಪಾದರು. ಒಬ್ಬೊಬ್ಬರೂ ತಾವೊಬ್ಬರೇ ನನ್ನ ಮೇಲೆ ಕನಿಕರಪಟ್ಟು ಬಂದವರೆಂದು ತಿಳಿದಿದ್ದರು! ಹಾಗೆ ಬರುವಾಗ ತಾವೂ ಒಂಟಿಯಾಗಬಾರದೆಂದು ಒಬ್ಬೊಬ್ಬರನ್ನು, ಇಬ್ಬಿಬ್ಬರನ್ನು ಎಳೆದು ತಂದಿದ್ದರು. ನಿಮ್ಮ ಚಿಕ್ಕಮ್ಮ ಐಲೀನ್ ಅಂತೂ (ಹೌದು, ಮಾನ್ಯರೇ, ನಿಮ್ಮ ಸ್ವಂತ ಚಿಕ್ಕಮ್ಮ) ಕೋಟು ಬಿಚ್ಚುತ್ತ ನನ್ನ ಮೇಲೇ ಹರಿಹಾಯ್ದರು: "ಒಬ್ಳೇ ಇರ್ತೀನಿ ಅಂತ ಗೋಳಾಡ್ದೆಯಲ್ಲೇ ಮರ್ಲೀನ್? ನಾನು ಪಾಪ ಅಂತ ಬಂದ್ರೆ ಇಲ್ಲಿ ಕಾಲಿಡಕ್ಕೆ ಜಾಗ ಇಲ್ಲ!" ಆಮೇಲೆ ಕಿವಿಯ ಹತ್ತಿರ ಬಂದು, "ಯಾರಿಗೂ ಹೇಳ್ಬೇಡ, ನಾನು ಸೆಪ್ಟೆಂಬರಿಂದಾನೇ ಆ ದನದ ಡಾಕ್ಟರ್ ಕಡೆ. ಊರಲ್ಲಿ ನಾನೊಬ್ಳೇ ಅನ್ಕೊಂಡಿದ್ದೆ" ಎಂದರು.

ಹಾಗೆಂದವರು ಅವರೊಬ್ಬರೇ ಅಲ್ಲ. ಇಡೀ ಊರು ತಾನೊಬ್ಬನೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿತ್ತು! ನಮ್ಮ ಮೂಲೆಯಲ್ಲಿ ನೂರಹನ್ನೆರಡು ಜನ, ಮೂರನೇ ಅಭ್ಯರ್ಥಿಯ ಮೂಲೆಯಲ್ಲಿ ಇಪ್ಪತ್ತೊಂಬತ್ತು. ಆರು ರೋಲನ್ನು ಚಾಕುವಿನಿಂದ ಚೂರು ಮಾಡಿ ಹಂಚಿದೆ, ಒಬ್ಬೊಬ್ಬರಿಗೆ ಒಂದೊಂದು ಬೆರಳುಗುರಿನಷ್ಟು. ನಗುತ್ತಿದ್ದೆ, ಅಳುತ್ತಿದ್ದೆ, ಜೊತೆಗೆ ಜಿಮ್ಮಿನ ನೆಲ ಇಷ್ಟು ಭಾರ ತಡೆಯುತ್ತದೋ ಇಲ್ಲವೋ ಎಂದು ಹೆದರುತ್ತಲೂ ಇದ್ದೆ.

ಈಗ ತಟ್ಟೆಗಳ ವಿಷಯಕ್ಕೆ ಬರುತ್ತೇನೆ. ಸಭೆ ನಡೆಸಲು ನೀವೇ ನೇಮಿಸಿದ ನಿವೃತ್ತ ಮೇಷ್ಟ್ರು ಡ್ವೈಟ್ ಅವರ ಕೈಯಲ್ಲಿದ್ದದ್ದು ಅರುವತ್ತು ನಮೂನೆ. ಬಂದವರು ನೂರ ಅರುವತ್ತಮೂರು. ಮೇಷ್ಟ್ರು ಬೆವರೊರೆಸಿಕೊಂಡು ನಿಮ್ಮ ಕಚೇರಿಗೆ ಫೋನ್ ಮಾಡಿದರು, ನಾವೆಲ್ಲ ಸುತ್ತ ನಿಂತು ಕೇಳಿಸಿಕೊಂಡೆವು. ಆ ಕಡೆಯ ದನಿ ಹೇಳಿದ್ದು ಇದು: "ಎಲ್ಡರ್ ಫೋರ್ಕಲ್ಲಿ ಅರುವತ್ತು ಜನ ಯಾವ ಕಾಲಕ್ಕೆ ಬಂದಿದ್ರು ಮೇಷ್ಟ್ರೇ? ತಮಾಷೆ ಮಾಡ್ಬೇಡಿ. ಅಲ್ಲಿ ಏನಿದ್ಯೋ ಅದರಲ್ಲೇ ಸುಧಾರಿಸ್ಕೊಳಿ." ಅಲ್ಲಿ ಏನಿತ್ತು? ನನ್ನ ಅಡುಗೆಮನೆಯ ಕಪಾಟಿನಲ್ಲಿ ಕಾಗದದ ತಟ್ಟೆಗಳಿದ್ದವು. ಕಪಾಟಿನ ಬೀಗದ ಕೈ ನನ್ನ ಕೊರಳಲ್ಲಿತ್ತು. ಬಂದವರ ಗಡಿಬಿಡಿಯಲ್ಲಿ ನಮೂನೆ ತಪ್ಪಿಸಿಕೊಂಡ ನಾನೇ ಮೊದಲ ತಟ್ಟೆ ಬರೆದೆ, ನಮೂನೆ ಸಿಗದ ಉಳಿದ ನೂರೆರಡು ಜನ ನನ್ನ ಹಿಂದೆ. ಹೆಸರು, ವಿಳಾಸ, ಸಹಿ: ನಿಮ್ಮ ನಮೂನೆಯಲ್ಲಿ ಏನು ಕೇಳಿದೆಯೋ ಅದಷ್ಟೂ ಪ್ರತಿ ತಟ್ಟೆಯ ಮೇಲಿದೆ. ನಿಮ್ಮ ಕಚೇರಿಯ ಆಜ್ಞೆಯನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಇನ್ನೊಂದು ಊರು ಈ ಅಯೋವಾದಲ್ಲಿ ಇದ್ದರೆ ತೋರಿಸಿ.

ಆ ತಟ್ಟೆಗಳನ್ನು ಎಸೆದರೆ ಏನಾಗುತ್ತದೆಂದು ನಿಮಗೆ ಗೊತ್ತಿಲ್ಲವೇ? ನೂರಕ್ಕೆ ಹದಿನೈದರಷ್ಟೂ ಜನ ಇಲ್ಲದ ಮೂಲೆ ಖಾಲಿಯಾಗಿ, ಅಲ್ಲಿದ್ದವರು ಬೇರೆ ಮೂಲೆ ಸೇರಬೇಕೆಂಬುದು ನೀವೇ ಕಳಿಸಿದ ನಿಯಮ. ನೂರ ಅರುವತ್ತಮೂರರಲ್ಲಿ ಸೆನೆಟರರ ಇಪ್ಪತ್ತೆರಡು ಸಾಲಲಿಲ್ಲ, ಇನ್ನೂ ಮೂವರು ಬೇಕಿತ್ತು. ಅರುವತ್ತರಲ್ಲೇ ಇಪ್ಪತ್ತೆರಡು ಎಂದರೆ ಧಾರಾಳ! ಬೇಗ ಬಂದು ನಮೂನೆ ಹಿಡಿದವರು ಊರಾದರು, ದನದ ಹಾಲು ಕರೆದು, ಪಾಳಿ ಮುಗಿಸಿ ಬಂದವರು ಹೊರಗಿನ ಶಕ್ತಿಗಳಾದರು. ಬಹಳ ಚೊಕ್ಕವಾದ ಗಣಿತ. ನಾನು ಒಂಬತ್ತನೇ ತರಗತಿ ಮುಗಿಸಿದ್ದರೆ ಮೆಚ್ಚಿಕೊಳ್ಳುತ್ತಿದ್ದೆನೋ ಏನೋ.

ಆ ಮೂವರಿಗಾಗಿ ನಿಮ್ಮವರು ಪಟ್ಟ ಪಾಡನ್ನು ನೀವು ನೋಡಬೇಕಿತ್ತು. ಸ್ಯಾಂಡ್‌ವಿಚ್ ತಟ್ಟೆ ಹೊತ್ತು ನಮ್ಮ ಮೂಲೆಗೇ ಬಂದರು. ಎದುರಿಗಿದ್ದವರು ವರ್ಲಿನ್ ಹೌಸ್‌ಮನ್, ಎಂಬತ್ತನಾಲ್ಕು ವರ್ಷ, ಎರಡೂ ಸೊಂಟದ ಕೀಲು ಸವೆದಿದೆ. "ವರ್ಲಿನ್ ತಾತ, ಆ ಕಡೆ ಕುರ್ಚಿ ಇದೆ, ಬಂದು ಕೂತ್ಕೊಳಿ, ಸ್ಯಾಂಡ್‌ವಿಚ್ ತಗೊಳಿ" ಎಂದರು. ವರ್ಲಿನ್ ಒಂದಲ್ಲ, ಎರಡು ತೆಗೆದುಕೊಂಡರು. ಒಂದು ಜೇಬಿಗೆ ಹೋಯಿತು. "ಸ್ಯಾಂಡ್‌ವಿಚ್‌ಗೆ ತುಂಬಾ ಥ್ಯಾಂಕ್ಸ್ ಕಣಪ್ಪ. ಕಾಲು ಮಾತ್ರ ಇಲ್ಲೇ ಇರುತ್ತೆ" ಎಂದು ಅಗಿಯತೊಡಗಿದರು. ಮೂಲೆಯೆಲ್ಲ ಗೊಳ್ಳೆಂದಿತು. ಕೊನೆಗೆ ಆ ಇಪ್ಪತ್ತೆರಡರಲ್ಲಿ ಒಂಬತ್ತು ಜನ ಬಲೂನು ಸಮೇತ ನಮ್ಮ ಕಡೆಗೇ ಬಂದರು.

ಆದರೆ ಆ ನಗೆಯಲ್ಲಿ ನನ್ನ ಗಮನಕ್ಕೆ ಬರದ ಸಂಗತಿಯೊಂದಿತ್ತು. ವರ್ಲಿನ್ ಎರಡು ಗಂಟೆ ಕಾಲ ಕೂರಲೇ ಇಲ್ಲ. ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಗೋಡೆಗೆ ಒತ್ತಿತ್ತು. ಅಡುಗೆಮನೆಯ ಸ್ಟೂಲು ತಂದು, "ಕೂತ್ಕೊಳಿ, ನಂಗೆ ಹೆದ್ರಿಕೆ ಆಗ್ತಿದೆ" ಎಂದೆ.

"ಮೂಲೇಲಿ ನಿಲ್ಬೇಕು ಅಂತ ಮೇಷ್ಟ್ರು ಹೇಳಿದ್ದಲ್ವಾ? ಕೂತ್ರೆ ಎಣಿಸ್ತಾರೋ ಇಲ್ವೋ."

"ಎಣಿಸ್ತಾರೆ ವರ್ಲಿನ್, ಕೂತ್ರೂ ಎಣಿಸ್ತಾರೆ."

"ನಿಂಗ್ಹೇಗೆ ಗೊತ್ತು? ಎಣಿಸಿ ಮುಗೀಲಿ, ಆಮೇಲೆ ಕೂರ್ತೀನಿ."

ಎಣಿಸುವುದು ಮುಗಿದಾಗ ಕೂತರು. ಅವರ ತಟ್ಟೆ ಎಪ್ಪತ್ತೊಂದನೆಯದು. ಅಕ್ಷರ ಅಂಕುಡೊಂಕು, ಯಾಕೆಂದರೆ ನಿಂತೇ ಬರೆದದ್ದು. ನಿಮ್ಮ ಹೇಳಿಕೆ ಬಂದ ದಿನ ಅವರು ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಮರ್ಲೀನ್, ನಾನು ಕೊನೇಲಿ ಕೂತಿದ್ದಕ್ಕಾ?"

ಇದಕ್ಕೆ ಉತ್ತರ ಕೊಡಬೇಕಾದವರು ನೀವು. ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಈ ಶನಿವಾರ ಬೆಳಗ್ಗೆ ಹತ್ತಕ್ಕೆ ನೀವು ಕಚೇರಿಯಲ್ಲಿ ನಮ್ಮ ತಟ್ಟೆಗಳ ಹಣೆಬರಹ ತೀರ್ಮಾನಿಸುವಾಗ ನಾವು ಹೊರಗಿನ ಜಾಗದಲ್ಲಿ ಇರುತ್ತೇವೆ, ಒಬ್ಬೊಬ್ಬರೂ ಅವರವರ ತಟ್ಟೆ ಹಿಡಿದು. ಮೇಷ್ಟ್ರು ತಟ್ಟೆಗಳನ್ನು ಹಾಲಿನ ಕ್ರೇಟಿನಲ್ಲಿ ಭದ್ರವಾಗಿ ಇಟ್ಟಿದ್ದಾರೆ, ಅಲ್ಲೇ ಅವರ ಕೈಯಿಂದಲೇ ಹಂಚುತ್ತಾರೆ. ನೀವು ಹೊರಗೆ ಬಂದು, ಮುಖ ನೋಡಿ, ಒಬ್ಬೊಬ್ಬರನ್ನೇ ಎಣಿಸಿ. ಯಾರಾದರೂ ಹೊರಗಿನವರು ಅನಿಸಿದರೆ ಅವರೆದುರೇ ಹೇಳಿ. ಸಾಲಿನಲ್ಲಿ ಮೊದಲು ನಿಲ್ಲುವವರು ನಿಮ್ಮ ಚಿಕ್ಕಮ್ಮ. ಅವರಿಗೆ ಹೇಳುವ ಧೈರ್ಯ ನಿಮಗೆ ಬಂದರೆ ಉಳಿದ ನೂರೆರಡು ಸುಲಭ.

ಬರುವಾಗ ಒಂದು ಕುರ್ಚಿ ತನ್ನಿ. ನೀವೇ ನಿಮ್ಮ ಕೈಯಾರೆ ಅದನ್ನು ವರ್ಲಿನ್ ಹಿಂದೆ ಇಟ್ಟು, ಎಲ್ಲರಿಗೂ ಕೇಳುವಂತೆ "ಕೂತರೂ ಎಣಿಸುತ್ತೇವೆ" ಎಂದು ಹೇಳಿ. ನಾನು ಹೇಳಿದರೆ ಅವರು ನಂಬುವುದಿಲ್ಲ.

ದಾಲ್ಚಿನ್ನಿ ರೋಲು ತರುತ್ತೇನೆ. ಎಷ್ಟು ಜನ ಬರುತ್ತಾರೋ ಎಂಬ ಹೆದರಿಕೆ ಆಗಲೇ ಶುರುವಾಗಿದೆ. ಹೋದ ಸಲ ನನ್ನ ಅಂದಾಜು ಆರು, ನಿಮ್ಮದು ಅರುವತ್ತು. ಈ ಸಲ ಇನ್ನೂರು ಮಾಡುತ್ತಿದ್ದೇನೆ, ನಿಮಗೂ ಒಂದು ಸೇರಿ.

ಇಂತಿ, ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡಿ ಬಂದು ಪತ್ರ ಮುಗಿಸಿದ,
ನಿಮ್ಮ ಹೊರಗಿನ ಶಕ್ತಿ,
ಮರ್ಲೀನ್ ಜೇಡನ್ (ತಟ್ಟೆ ಸಂಖ್ಯೆ ಒಂದು)
ಶಾಲೆಯ ಅಡುಗೆಮನೆ, ಎಲ್ಡರ್ ಫೋರ್ಕ್