ಬೀರುವಿನ ಹಿಂದಿನ ಕಟ್ಟು

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಚಿನ್ನೂ,

ಹೇಗಿದ್ದೀಯ? ಹೊಸ ಹುದ್ದೆ ಸಿಕ್ಕ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ? ಅಳಿಯಂದಿರ ಕೆಮ್ಮು ಹೋಯಿತೇ? ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಟೀವಿ ಹಾಕಿದರೆ ಹೋಗುತ್ತದೆ, ಅಂಗಡಿಗೆ ಹೋಗಿ ಬನ್ನಿ ಎಂದರೆ ಬರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ತಾನಾಗಿ ಏರುತ್ತದೆ, ನೀನು ‘ಆಯ್ತಮ್ಮ, ಆಯ್ತಮ್ಮ’ ಎಂದು ಜಾರಿಕೊಳ್ಳುತ್ತೀಯ. ಅದಕ್ಕೇ ಕಾಗದ. ಪಕ್ಕದ ಮನೆ ಮೇಷ್ಟ್ರು ಇವತ್ತು ಸಂಜೆ ನಿಮ್ಮೂರಿಗೆ ಹೊರಟಿದ್ದಾರೆ, ಅವರ ಕೈಗೆ ಕೊಡುತ್ತೇನೆ. ಸೋಮವಾರಕ್ಕೆ ಮುಂಚೆ ನೀನಿದನ್ನು ಓದಲೇಬೇಕು.

ಮೊನ್ನೆ ನೀನು ಹೇಳಿದ್ದು ತಲೆಯಿಂದ ಹೋಗಿಲ್ಲ. ಆಸ್ಪತ್ರೆಯ ರೆಕಾರ್ಡ್ ರೂಮು ಈಗ ನಿನ್ನ ಕೈಯಲ್ಲಿದೆ. ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸಬಾರದು ಎಂದು ಕೆಂಪಕ್ಷರದಲ್ಲಿ ಬರೆಸಿ ಅಂಟಿಸಿದ್ದೀಯ. ಆದರೂ ನಿಮ್ಮ ಕನ್ನಡಕದ ಗುಮಾಸ್ತೆ ತನ್ನ ಪಾಸ್‌ವರ್ಡನ್ನು ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟು ಊಟಕ್ಕೆ ಹೋದಳು, ಆ ಹುಡುಗಿ ತನಗೆ ಸಂಬಂಧವಿಲ್ಲದ ಯಾರದೋ ರೋಗದ ವಿವರ ತೆಗೆದು ನೋಡಿದಳು. ಮಾರನೇ ದಿನ ಗುಮಾಸ್ತೆಯೇ ಬಂದು ನಿನ್ನೆದುರು ತಪ್ಪೊಪ್ಪಿಕೊಂಡಳು. ಸೋಮವಾರ ಅವಳನ್ನು ಸಸ್ಪೆಂಡ್ ಮಾಡಿದರೆ ಉಳಿದವರಿಗೂ ಬುದ್ಧಿ ಬರುತ್ತದೆ ಎಂದೆ ನೀನು. ಈ ಯೋಚನೆ ನಿನಗೆ ಎಲ್ಲಿಂದ ಬಂತೆಂದು ನಾನು ಹುಡುಕಬೇಕಾಗಿಲ್ಲ, ನನ್ನಿಂದಲೇ ಬಂದದ್ದು. ಅದಕ್ಕೇ ಅದು ತಪ್ಪೆಂದು ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಪ್ರೆಸ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದಾಗಿನ ಒಂದು ಸಂಗತಿಯನ್ನು ನಿನಗೆ ಹೇಳಿಲ್ಲ. ಆಗ ನೀನು ಹಾಸ್ಟೆಲಿನಲ್ಲಿದ್ದೆ, ನನಗೂ ಹೇಳಲು ನಾಚಿಕೆ. ನಮ್ಮಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಅಚ್ಚಾಗುತ್ತಿದ್ದವಲ್ಲ, ಮೊಬೈಲನ್ನು ಬಾಗಿಲಲ್ಲೇ ಇಟ್ಟು ಒಳಗೆ ಹೋಗಬೇಕು, ಯಾವ ಹಾಳೆಯನ್ನೂ ಓದಬಾರದು. ದಿನದ ಕೊನೆಗೆ ಅಚ್ಚಾದ ಹಾಳೆ, ಕೆಟ್ಟ ಹಾಳೆ ಎರಡೂ ಸೇರಿ ಬೆಳಿಗ್ಗೆ ಕೊಟ್ಟಷ್ಟೇ ಇರಬೇಕು. ಆಮೇಲೆ ಕೆಟ್ಟವನ್ನು ಚೂರು ಮಾಡುವ ಯಂತ್ರಕ್ಕೆ ಹಾಕಬೇಕು. ಮೊದಮೊದಲು ಒಂದೇ ಒಂದು ಹಾಳೆ ಕಡಿಮೆ ಬಂದರೂ ನಾನು ಎಲ್ಲರೆದುರೇ ನೀರಿಳಿಸುತ್ತಿದ್ದೆ. ಬೆನ್ನ ಹಿಂದೆ ನನಗೆ ಸೈರನ್ ಎಂದು ಹೆಸರಿಟ್ಟಿದ್ದರು. ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಆಮೇಲೆ ಹನ್ನೊಂದು ವರ್ಷ ನನ್ನ ವಿಭಾಗದಲ್ಲಿ ಒಂದು ದಿನವೂ ಎಣಿಕೆ ತಪ್ಪಲಿಲ್ಲ. ಬೇರೆ ವಿಭಾಗದವರಿಗೆ ನನ್ನನ್ನು ತೋರಿಸಿ ಮ್ಯಾನೇಜರು ಬುದ್ಧಿ ಹೇಳುತ್ತಿದ್ದರು.

ಹನ್ನೆರಡನೇ ವರ್ಷ ಹೊಸ ಯಂತ್ರ ಬಂತು. ಅದಕ್ಕೆ ಜಾಗ ಮಾಡಲು ಬೀರು ಸರಿಸಿದರೆ ಹಿಂದೆ ದಾರ ಸುತ್ತಿದ ಒಂದು ಕಟ್ಟು! ಬಿಚ್ಚಿದರೆ ಎಲ್ಲವೂ ಕೆಟ್ಟ ಹಾಳೆಗಳು, ಬೇರೆ ಬೇರೆ ವರ್ಷದವು. ಎಣಿಕೆಯಲ್ಲಿ ಒಂದು ಹೆಚ್ಚು ಬಂದ ದಿನ ಅದನ್ನು ಈ ಕಟ್ಟಿಗೆ ಸೇರಿಸುವುದು, ಕಡಿಮೆ ಬಂದ ದಿನ ಇಲ್ಲಿಂದ ಒಂದು ತೆಗೆದು ಕೂಡಿಸುವುದು. ಹಾಳೆ ಓದುವಂತಿಲ್ಲವಲ್ಲ, ಮೂಲೆ ಹಿಡಿದು ಎಣಿಸುವ ನನಗೆ ಅದು ಯಾವ ವರ್ಷದ್ದೆಂದು ಹೇಗೆ ಗೊತ್ತಾಗಬೇಕು? ಇಡೀ ವಿಭಾಗ ಸೇರಿ ನನ್ನ ಕಿವಿಗೆ ಹೂವಿಟ್ಟಿತ್ತು. ಅದಾದರೂ ಹೋಗಲಿ ಎನ್ನೋಣವೆಂದರೆ, ಮೇಲೇ ಇದ್ದದ್ದು ಮುಂದಿನ ತಿಂಗಳ ಪರೀಕ್ಷೆಯ ಹಾಳೆ. ಎಷ್ಟು ದಿನದಿಂದ ಅಲ್ಲಿತ್ತೋ, ಯಾರ ಕಣ್ಣಿಗೆ ಬಿದ್ದಿತ್ತೋ!

ಬೈಂಡಿಂಗ್ ಮಾಡುವ ಹಿರಿಯರೊಬ್ಬರಿದ್ದರು, ಎಲ್ಲರೂ ಗೋಂದು ತಾತ ಎನ್ನುತ್ತಿದ್ದರು. ಅವರನ್ನು ಕೂರಿಸಿ ಕೇಳಿದೆ. ‘ಅಕ್ಕಾ, ಒಂದು ಹಾಳೆ ಕಮ್ಮಿ ಆಗಿದೆ ಅಂತ ನಿಮಗೆ ಹೇಳೋದಕ್ಕಿಂತ ಎಲ್ಲಿಂದಾದ್ರೂ ಒಂದು ಹಾಳೆ ತರೋದೇ ಸುಲಭ ಆಗಿತ್ತು’ ಎಂದರು. ಯಂತ್ರ ನಡೆಸುವವಳು ಗೋಡೆ ನೋಡುತ್ತಾ, ‘ನಮ್ಮ ಮೊಬೈಲ್ ಮಾತ್ರ ಬಾಗಿಲಲ್ಲಿ, ನಿಮ್ಮದು ದಿನಾ ಸೊಂಟದಲ್ಲೇ ಇರುತ್ತಲ್ಲಕ್ಕಾ’ ಎಂದಳು.

ನೆಟ್ಟಗೆ ಮಹಡಿ ಹತ್ತಿ ಮ್ಯಾನೇಜರಿಗೆ ಎಲ್ಲ ಹೇಳಿ, ತಪ್ಪು ನನ್ನದೇ ಎಂದು ಬರೆದುಕೊಟ್ಟೆ. ಆ ಪ್ರಶ್ನೆಪತ್ರಿಕೆಯನ್ನು ಹೊಸದಾಗಿ ತಯಾರಿಸಿ ಮತ್ತೆ ಅಚ್ಚು ಹಾಕಬೇಕಾಯಿತು. ನನ್ನ ಬಡ್ತಿಯೂ ನಿಂತಿತು, ನಿಲ್ಲಲಿ. ಮಾರನೇ ದಿನದಿಂದ ನನ್ನ ಮೊಬೈಲು ಎಲ್ಲರದಕ್ಕಿಂತ ಮೊದಲು ಬಾಗಿಲಲ್ಲಿ. ಎಣಿಕೆ ತಪ್ಪಿತೆಂದು ಯಾರು ಬಂದು ಹೇಳಿದರೂ ಮೊದಲು ಹುಡುಕಾಟ, ಕಾರಣ ಕೇಳುವುದು ಆಮೇಲೆ. ಬೈಗುಳ ಬಾಯಿಗೆ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಂಡು ಕಚ್ಚಿಕೊಂಡು ಅದು ಹುಣ್ಣಾಗಿತ್ತು! ಮೊದಲ ವಾರವೇ ನಾಲ್ಕು ಸಲ ಬಂದು ಹೇಳಿದರು. ‘ಹನ್ನೊಂದು ವರ್ಷ ಇಲ್ಲದ್ದು ಈಗೇನಮ್ಮಾ?’ ಎಂದು ಮ್ಯಾನೇಜರು ಗಾಬರಿಯಾದರು. ‘ಇದ್ದದ್ದೇ ಸಾರ್, ಈಗ ನಮಗೆ ಗೊತ್ತಾಗ್ತಿದೆ ಅಷ್ಟೇ’ ಎಂದೆ. ನಾಲ್ಕೂ ಹಾಳೆ ಅವತ್ತವತ್ತೇ ಸಿಕ್ಕವು, ಒಂದಂತೂ ಯಂತ್ರದ ಉರುಳೆಗೆ ಅಂಟಿಕೊಂಡಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಊಟದ ಹೊತ್ತಿನಲ್ಲಿ ರೆಕಾರ್ಡ್ ಕೊಡುವ ಕಿಟಕಿ ಮುಚ್ಚಿದರೆ ಮೆಮೊ ಕೊಡುತ್ತೇನೆ ಎಂದವಳೂ ನೀನೇ. ಆ ಹೊಸ ಹುಡುಗಿಗೆ ಇನ್ನೂ ಪಾಸ್‌ವರ್ಡೇ ಬಂದಿಲ್ಲ ಎಂದವಳೂ ನೀನೇ. ಹಾಗಾದರೆ ಹಸಿದ ಗುಮಾಸ್ತೆ ಏನು ಮಾಡಬೇಕಿತ್ತು? ನಿಮ್ಮ ದೊಡ್ಡ ಡಾಕ್ಟರ ಪಾಸ್‌ವರ್ಡ್ ನರ್ಸುಗಳಿಗೆಲ್ಲ ಬಾಯಿಪಾಠವಂತೆ, ಅವರ ಮುಂದೆ ನಿನ್ನ ಕೆಂಪಕ್ಷರ ಯಾಕೆ ಕೆಲಸ ಮಾಡುವುದಿಲ್ಲ? ನೋಡಬಾರದ್ದನ್ನು ನೋಡಿದವಳನ್ನು ಖಂಡಿತ ವಿಚಾರಿಸು, ನಾನು ಬೇಡವೆನ್ನುವುದಿಲ್ಲ. ಆದರೆ ತಾನಾಗಿ ಬಂದು ಹೇಳಿದವಳನ್ನು ಸೋಮವಾರ ಹೊರಗೆ ಕಳಿಸಿದರೆ, ಮಂಗಳವಾರದಿಂದ ನಿನ್ನ ರೂಮಿನ ಬಾಗಿಲು ಯಾರೂ ತಟ್ಟುವುದಿಲ್ಲ. ಎಲ್ಲ ಸರಿಯಾಗಿದೆ ಎಂದುಕೊಂಡು ನೀನು ನನ್ನ ಹಾಗೇ ಬೀಗುತ್ತಾ ಕೂರುತ್ತೀಯ. ನೀನು ನನಗಿಂತ ಜಾಣೆ, ಹನ್ನೊಂದು ವರ್ಷ ಬೇಕಾಗಿಲ್ಲ.

ಅಳಿಯಂದಿರಿಗೆ ನಮ್ಮ ಆಶೀರ್ವಾದ. ನಿನ್ನ ತಲೆ ಮೇಲೆ ನನ್ನ ಕೈ ಯಾವಾಗಲೂ ಇದೆ.

ನಿನ್ನ
ಅಮ್ಮ

ವಿ.ಸೂ.: ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದಾರೆ, ಆದರೂ ಬರೆಯದೆ ಇರಲಾರೆ. ಈಗ ತಾನೇ ಅಳಿಯಂದಿರ ಫೋನು ಬಂದಿತ್ತು. ನಿಮ್ಮಪ್ಪನೆಂದುಕೊಂಡು ನನ್ನ ಹತ್ತಿರವೇ ‘ಶನಿವಾರ ಅವಳ ಕೈ ಪ್ಲಾಸ್ಟರ್ ಬಿಚ್ತಾರೆ’ ಎಂದುಬಿಟ್ಟರು. ಸ್ಕೂಟರಿನಿಂದ ಬಿದ್ದು ಐದು ವಾರವಾಯಿತಂತೆ. ನಿಮ್ಮಪ್ಪನಿಗೆ ಅವತ್ತೇ ಗೊತ್ತಂತೆ, ಮೇಷ್ಟ್ರಿಗೂ ಗೊತ್ತಂತೆ. ಗೊತ್ತಿಲ್ಲದವಳು ನಾನೊಬ್ಬಳೇ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ, ಮೇಲಿನ ನಾಲ್ಕು ಪುಟ ಬರೆದವಳಿಗೆ ಅದು ಗೊತ್ತಿರಬೇಕು. ಕಾಗದ ಸಿಕ್ಕಿದ ಕೂಡಲೇ ನೀನೇ ನನಗೆ ಹೇಳು, ಎಲ್ಲಿ ಬಿದ್ದೆ, ಎಷ್ಟು ನೋವಾಯಿತು, ಎಲ್ಲ. ಬೈಯುವುದಿಲ್ಲ. ಬಾಯಿ ತಪ್ಪಿ ಬೈದರೂ ಮುಂದಿನ ಸಲವೂ ಹೇಳು, ಚಿನ್ನೂ.